ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಮತದಾನದ ವಯಸ್ಸಿನ ನಾಗರಿಕರೆಷ್ಟು: ನಾನು ಲೆಕ್ಕ ಹಾಕುವ ಬಗೆ

ಶೇಕಡಾವಾರು ಮತದಾನ ತೆಗೆಯುವಾಗ ಬಿದ್ದ ಮತಗಳ ಬಗ್ಗೆ ತಕರಾರಿರುವುದಿಲ್ಲ; ಎಡವುವುದೆಲ್ಲ ಛೇದದಲ್ಲಿ. 18 ತುಂಬಿದವರನ್ನೆಲ್ಲ ಅಲ್ಲಿ ಹಾಕಿದರೆ ಸಾಂತಾ ಕ್ಲಾರಾದಂಥ ಕೌಂಟಿಯ ಲೆಕ್ಕ ಕೆಟ್ಟಂತೆಯೇ. ಅಲ್ಲಿನ ಕನ್ನಡಿಗರನ್ನೇ ನೋಡಿ: ಎಚ್-1ಬಿ ವೀಸಾದವರು, ಗ್ರೀನ್ ಕಾರ್ಡಿನವರು ವಯಸ್ಕರ ಎಣಿಕೆಯಲ್ಲಿರುತ್ತಾರೆ, ಮತದಾರರ ಪಟ್ಟಿಯಲ್ಲಿರುವಂತಿಲ್ಲ.

2020ರ ಜನಗಣತಿಯಲ್ಲಿ ಪೌರತ್ವದ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ನಾನು ಇಳಿಸಿಕೊಳ್ಳುವುದು ಜನಗಣತಿ ಬ್ಯೂರೊದ ಸಿವಿಎಪಿ (ಮತದಾನದ ವಯಸ್ಸಿನ ನಾಗರಿಕರ ಸಂಖ್ಯೆ) ವಿಶೇಷ ಕೋಷ್ಟಕ. ಅದರ ಮೂಲ ಅಮೆರಿಕನ್ ಕಮ್ಯುನಿಟಿ ಸರ್ವೆಯ ಐದು ವರ್ಷಗಳ ಮಾದರಿ; ಅಂದರೆ ಇದು ತಲೆ ಎಣಿಕೆಯಲ್ಲ, ಅಂದಾಜು.

ಕೌಂಟಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯುವ ಮೊದಲು ಕೌಂಟಿ ಕೋಡ್‌ನ ಕಾಲಂ ಅನ್ನು ಪಠ್ಯವೆಂದು ಗುರುತಿಸುತ್ತೇನೆ. ಕೊನೆಯ ಐದು ಅಂಕಿ ಬೇರ್ಪಡಿಸಿದಾಗ ಲಾಸ್ ಏಂಜಲೀಸ್ 06037. ಸೊನ್ನೆ ಬಿದ್ದುಹೋಗಿ 6037 ಆದರೆ ಮತದಾನದ ಕೋಷ್ಟಕದ ಜೊತೆ ಜೋಡಣೆಯಾಗದು.

ಪ್ರತಿ ಕೌಂಟಿಗೆ 13 ಸಾಲು. ರಾಜ್ಯಕ್ಕೆ 754 ಬರಬೇಕು. ಒಂದನೇ ಸಾಲು ಒಟ್ಟು, ಎರಡನೆಯದು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದ) ಅಲ್ಲದವರು, 3ರಿಂದ 12 ಅವರದೇ ಜನಾಂಗವಾರು ವಿಂಗಡಣೆ, 13 ಹಿಸ್ಪಾನಿಕರು. ಎಲ್ಲವನ್ನೂ ಕೂಡಿದರೆ ಮೊತ್ತ ಎರಡರಿಂದ ಮೂರು ಪಟ್ಟಾಗುತ್ತದೆ. ನನಗೆ ಬೇಕಾದದ್ದು ಒಂದನೇ ಸಾಲು ಮಾತ್ರ. ವಿಂಗಡಣೆಯ ಮೊತ್ತ ಒಟ್ಟಿಗೆ ಸರಿಹೊಂದದಿದ್ದರೆ ಗಾಬರಿ ಬೇಡ: ಅಂಕಿಗಳನ್ನು 5ರ ಗುಣಕಕ್ಕೆ ಸರಿಪಡಿಸಿರುತ್ತಾರೆ, 1ರಿಂದ 7ರವರೆಗಿನದೆಲ್ಲ 4 ಆಗುತ್ತದೆ.

ದೋಷಮಿತಿಯ (ಅಂದಾಜು ಎಷ್ಟು ಹೆಚ್ಚುಕಮ್ಮಿ ಆಗಿರಬಹುದು ಎಂಬುದರ) ಕಾಲಂ ಅಳಿಸಬೇಡಿ. ಅದು 90% ವಿಶ್ವಾಸಮಟ್ಟದ್ದು, 1.645ರಿಂದ ಭಾಗಿಸಿ, ಬಂದದ್ದನ್ನು ಅಂದಾಜಿನಿಂದ ಭಾಗಿಸಿ. 12% ಒಳಗಿದ್ದರೆ ನಿಶ್ಚಿಂತೆಯಿಂದ ಬಳಸುತ್ತೇನೆ, 40% ಮೀರಿದರೆ ಕೈಬಿಡುತ್ತೇನೆ. 2020ರಲ್ಲಿ 1,204 ಜನರಿದ್ದ ಆಲ್ಪೈನ್ ಕೌಂಟಿಯಲ್ಲಿ ಜನಾಂಗವಾರು ಸಾಲುಗಳು ಬಹುಮಟ್ಟಿಗೆ ನಿರುಪಯೋಗಿ. ಕೌಂಟಿಗಳನ್ನು ಒಟ್ಟುಗೂಡಿಸುವಾಗ ದೋಷಮಿತಿಗಳನ್ನು ನೇರ ಕೂಡಬಾರದು. ಪ್ರತಿಯೊಂದರ ವರ್ಗ (ಸ್ಕ್ವೇರ್) ಕಂಡು, ಅವನ್ನು ಕೂಡಿ, ಮೊತ್ತದ ವರ್ಗಮೂಲ ತೆಗೆಯಬೇಕು.

ಇಷ್ಟಾದ ಮೇಲೂ ಲಾಸೆನ್, ಕಿಂಗ್ಸ್ ಕೌಂಟಿಗಳಲ್ಲಿ ಶೇಕಡಾವಾರು ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಅಲ್ಲಿನ ರಾಜ್ಯ ಕಾರಾಗೃಹಗಳ ಕೈದಿಗಳು ನಾಗರಿಕರೇ, ವಯಸ್ಕರೇ. ಶಿಕ್ಷೆ ಮುಗಿಯುವವರೆಗೆ ಮತ ಮಾತ್ರ ಇಲ್ಲ. ರಾಜ್ಯದ ಮತದಾರರು ಒಪ್ಪಿದ 2020ರ 17ನೇ ಪ್ರಸ್ತಾವ ಹಕ್ಕು ಮರಳಿಸಿದ್ದು ಪೆರೋಲ್‌ (ಸೆರೆವಾಸ ಮುಗಿಸಿ ನಿಗಾದಲ್ಲಿ ಹೊರಗಿರುವ ಅವಧಿ) ಮೇಲಿರುವವರಿಗೆ. ಈ ಎರಡು ಕೌಂಟಿಗಳ ಪಕ್ಕ ನಕ್ಷತ್ರ ಗುರುತು ಹಾಕಿ ಅಡಿಟಿಪ್ಪಣಿ ಬರೆಯುತ್ತೇನೆ.

2018–22ರ ಕಡತವನ್ನು 2019–23ರದ್ದರ ಜೊತೆ ಹೋಲಿಸಿ ‘ಏರಿಕೆ’ ಎನ್ನುವವರೂ ಇದ್ದಾರೆ. ನಾಲ್ಕು ವರ್ಷಗಳ ಮಾದರಿ ಎರಡರಲ್ಲೂ ಒಂದೇ. 2018–22ರ ಜೊತೆ ಹೋಲಿಸಲು, ವರ್ಷಗಳು ಒಂದರ ಮೇಲೊಂದು ಬೀಳದ 2013–17 ತೆಗೆದುಕೊಳ್ಳಿ.