ಬಾಯಾರಿನ ಸುರಂಗದಲ್ಲಿ ಬ್ಲ್ಯಾಕ್ ಮೆಟಲ್: ನನ್ನ ಅನುಭವ

ನಮ್ಮ ಬ್ಲ್ಯಾಕ್ ಮೆಟಲ್ (ಕಿರುಚು ಕಂಠದ, ವೇಗದ ಕರಾಳ ರಾಕ್ ಸಂಗೀತ) ತಂಡದ ನಾಲ್ಕು ಹಾಡುಗಳ ಕಂಠಕ್ಕೆ ಬೇಕಾದ ಪ್ರತಿಧ್ವನಿಯನ್ನು ಕಾಸರಗೋಡು ಜಿಲ್ಲೆಯ ಬಾಯಾರಿನ ನಮ್ಮ ತೋಟದಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲೇ ಹಿಡಿಯುತ್ತೇನೆಂದಾಗ, ಮಿಕ್ಸಿಂಗ್ ಮಾಡುತ್ತಿದ್ದ ಮಂಗಳೂರಿನ ಗೆಳೆಯ ನಕ್ಕಿದ್ದ. "ಮಾರಾಯ, ಕಂಪ್ಯೂಟರಿನಲ್ಲೇ ಪ್ರತಿಧ್ವನಿ ಕೊಡುವ ಪ್ಲಗಿನ್ ಇರುವಾಗ ನೀರಿನ ಮಾಟೆಗೆ ಯಾಕೆ ನುಗ್ಗುತ್ತೀ?" ಎಂದಿದ್ದ. ಈಗ ಅದೇ ಹಾಡನ್ನು ಅವನೇ ಊರೆಲ್ಲ ಕೇಳಿಸುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಎಂಬತ್ತರ ದಶಕದ ಬ್ಲ್ಯಾಕ್ ಮೆಟಲ್ ತಂಡಗಳಾದ ವೆನಮ್, ಸಾರ್ಕೋಫಗೊ ಕೇಳಿದವರಿಗೆ ಆ ಕಾಲದ ಒರಟು ಕಂಠ ಹೇಗಿತ್ತೆಂದು ಹೇಳಬೇಕಿಲ್ಲ. 1984ರಲ್ಲಿ ಸ್ವೀಡನ್ನಿನ ಬಾತೊರಿ ತಂಡ ಮೊದಲ ಆಲ್ಬಮ್ ಮುದ್ರಿಸಿದ್ದು ಸ್ಟಾಕ್‌ಹೋಮಿನಲ್ಲಿ ಸ್ಟುಡಿಯೋ ಆಗಿ ಬದಲಾಗಿದ್ದ ಒಂದು ಕಾರು ಶೆಡ್ಡಿನಲ್ಲಿ. ನಾನು ಬಳಸಿದ ಪ್ಲಗಿನ್‌ಗಳ ಪ್ರತಿಧ್ವನಿಗೆ ಹೊಳಪು ಹೆಚ್ಚು. ಅದು ಗಿಟಾರಿನ ಟ್ರೆಮೊಲೊ ಪಿಕಿಂಗ್ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು) ಮತ್ತು ಸಿಂಬಲ್ ಇರುವ ಚೂಪು ಸ್ವರಗಳ ಜಾಗಕ್ಕೇ ಬಂದು ಕುಳಿತು, ಥ್ರ್ಯಾಶ್ ರಿಫ್ಫಿನ (ಗಿಟಾರಿನಲ್ಲಿ ಮರುಕಳಿಸುವ ವೇಗದ ತುಣುಕಿನ) ಹರಿತವನ್ನು ಮೊಂಡು ಮಾಡುತ್ತಿತ್ತು. ಸುರಂಗದ ಗೋಡೆಯ ತೂತುತೂತಾದ ಮುರಕಲ್ಲು (ಜಂಬಿಟ್ಟಿಗೆ) ಆ ಚೂಪನ್ನು ನುಂಗಿ, ಮಂದವಾದ ಕೂಗನ್ನಷ್ಟೇ ಹಿಂದಿರುಗಿಸುತ್ತದೆ.

ಮೊದಲ ಪ್ರಯತ್ನ ಜಡಿಮಳೆಯ ಆಟಿ ತಿಂಗಳಲ್ಲಿ ನಡೆದದ್ದು ಶುದ್ಧ ಮೂರ್ಖತನ. ನೀರಿನ ಸದ್ದಿನಲ್ಲಿ ಹಾಡು ಮುಳುಗಿತು. ಸುಮಾರು ಒಂಬತ್ತು ಸಾವಿರದ, ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ತೇವ ಕುಡಿದು ಚಟಪಟಗುಟ್ಟಿ ಸತ್ತಿತು. ಮಾರ್ಚಿನಲ್ಲಿ ಒಳಗೆ ಬಗ್ಗಿ ನಿಂತು ನಾನೇ ಕಿರುಚಿದೆ. ಎರಡನೆಯ ಚರಣಕ್ಕೆ ಉಸಿರು ಹತ್ತಲಿಲ್ಲ, ಮೂರನೆಯದಕ್ಕೆ ಬಾವಲಿಗಳು ಮುಖಕ್ಕೇ ಬಂದವು.

ಕೊನೆಗೆ ಕಂಠವನ್ನು ಮನೆಯ ಅಟ್ಟದಲ್ಲಿ ಮುದ್ರಿಸಿ, ಸ್ಪೀಕರನ್ನು ಸುರಂಗದ ಬಾಯಿಗೆ ಒಳಮುಖವಾಗಿ ಇಟ್ಟು, ಸುಮಾರು 30 ಅಡಿ ಒಳಗೆ ಸಾಧಾರಣ, ಗಟ್ಟಿಮುಟ್ಟಾದ ಡೈನಾಮಿಕ್ ಮೈಕ್ ನಿಲ್ಲಿಸಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಧ್ವನಿ 25 ಮಿಲಿಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ದೂರದ ಭಾವ ಬರುವುದು ಆ ತಡದಿಂದಲೇ, ಟ್ರ್ಯಾಕನ್ನು ಎಳೆದು ಅದನ್ನು ಸರಿಪಡಿಸಲು ಹೋದರೆ ಪಟ್ಟ ಪಾಡೆಲ್ಲ ವ್ಯರ್ಥ. ಹನಿ ಬೀಳುವಲ್ಲಿ ಗೋಣಿ ಹಾಸಿದೆ. ಆದರೂ ಮೂರನೆಯ ಹಾಡಿನ ಕೊನೆಗೆ ಒಂದು 'ಟಪ್' ಉಳಿದಿದೆ, ಅದನ್ನು ನಾನು ಅಳಿಸಲಿಲ್ಲ. ಮೈಕಿನ ಮುಖ ಯಾವ ಕಡೆಗಿತ್ತು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಚೆಂಡೆಯನ್ನೂ ಒಳಗೊಯ್ದು ಬಾರಿಸಿ ನೋಡಿದೆವು. ಒಂದು ಪೆಟ್ಟಿನ ಬಾಲ ಮುಗಿಯುವ ಮೊದಲೇ ಇನ್ನೊಂದು ಬಿದ್ದು ಎಲ್ಲವೂ ಗುಡುಗಾಯಿತು. ಹಾಗಾಗಿ ಡ್ರಮ್ಮನ್ನು ಅಡಕೆ ದಾಸ್ತಾನಿನ ಕೋಣೆಯಲ್ಲಿ, ಸದ್ದು ಹೀರುವ ಚೀಲಗಳ ನಡುವೆಯೇ ಹಿಡಿದೆವು. ದರ ಏರಿತೆಂದು ಅಪ್ಪ ಅರ್ಧದಷ್ಟು ಚೀಲ ಮಾರಿದ ದಿನದಿಂದ ಕೋಣೆ ಗಣಗಣಿಸತೊಡಗಿ ಸ್ನೇರ್ ಡ್ರಮ್ಮಿನ ನಾದವೇ ಬದಲಾಯಿತು. ಉಳಿದ ಚೀಲಗಳನ್ನು ಡ್ರಮ್ ಕಿಟ್ಟಿನ ಸುತ್ತ ಒತ್ತಾಗಿ ಪೇರಿಸಿ ಎರಡು ಹಾಡುಗಳನ್ನು ಮತ್ತೆ ಬಾರಿಸಬೇಕಾಯಿತು.

ಸತ್ತ ಮೈಕ್, ಉದ್ದನೆಯ ಕೇಬಲ್ ಎಲ್ಲ ಸೇರಿ ಹದಿನಾಲ್ಕು ಸಾವಿರದ ಆಸುಪಾಸು ಖರ್ಚಾಗಿರಬೇಕು. ಸ್ಟುಡಿಯೋದವರು ಇದಕ್ಕೇ ಇಪ್ಪತ್ತೈದು ಕೇಳಿದ್ದರು. ಸ್ಪೀಕರಿಗೆ ಮಾತ್ರ ಬಾಡಿಗೆ ಇರಲಿಲ್ಲ. ಅದು ಭಜನಾ ಮಂದಿರದ್ದು, ಏನು ಹಾಡಿಸುತ್ತೇನೆಂದು ನಾನು ಹೇಳಿರಲಿಲ್ಲ. ಹಿಂದಿರುಗಿಸಿದಾಗ ಅವರು ಕೇಳಿದ್ದು ಒಂದೇ, ಜಾಲರಿಗೆ ಇಷ್ಟೊಂದು ಕೆಂಪು ಮಣ್ಣು ಹೇಗೆ ಮೆತ್ತಿತೆಂದು.