ಚರ್ಚಿನ ರಿಜಿಸ್ಟರಿನಲ್ಲಿ ನಿಮ್ಮ ಹೆಸರು: ಬೆಳಗಾವಿಯಲ್ಲಿ ಸಭೆಯ ಸದಸ್ಯರಾಗುವುದು ಹೇಗೆ?

ರವಿವಾರ ತಪ್ಪದೆ ಚರ್ಚಿಗೆ ಹೋಗುವವರೆಲ್ಲ ಆ ಚರ್ಚಿನ ಸದಸ್ಯರು ಅಂತಲ್ಲ. ಆರಾಧನೆಗೆ ಯಾರು ಬೇಕಾದರೂ ಬರಬಹುದು, ಬಂದು ಕೂತವರನ್ನು ಯಾರೂ ಕಾಗದ ಕೇಳುವುದಿಲ್ಲ. ಕೇಳುವ ದಿನ ಬೇರೆ. ಮಗಳ ಮದುವೆ ಗೊತ್ತಾದಾಗ, ಮನೆಯಲ್ಲಿ ಸಾವಾಗಿ ಚರ್ಚಿನ ಸ್ಮಶಾನದಲ್ಲಿ ಜಾಗ ಬೇಕಾದಾಗ ರಿಜಿಸ್ಟರ್ ತೆಗೆಯುತ್ತಾರೆ. ಅದರಲ್ಲಿ ಹೆಸರಿಲ್ಲ ಅಂದರೆ ದುಃಖದಲ್ಲಿರುವ ಮನೆಯವರು ಪತ್ರ ಹುಡುಕಿಕೊಂಡು ಓಡಾಡಬೇಕಾಗುತ್ತದೆ. ಹಾಗಾಗಬಾರದು. ಕೆಲಸಕ್ಕೆಂದು ಬೆಳಗಾವಿಗೆ ಬಂದು ನೆಲೆಸಿದವರಿಗೂ, ವಿಶ್ವಾಸಕ್ಕೆ ಹೊಸದಾಗಿ ಬರುತ್ತಿರುವವರಿಗೂ ಈ ಲೇಖನ.

ಯಾವ ಸಭೆ ಅಂತ ಮೊದಲು ನೋಡಿಕೊಳ್ಳಿ

ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ಜನ. ಇಲ್ಲಿ ಚರ್ಚು ಒಂದೇ ಬಗೆಯದಲ್ಲ. ಲಂಡನ್ ಮಿಷನ್ ಎಂಬ ಕ್ರೈಸ್ತ ಪ್ರಚಾರ ಸಂಸ್ಥೆಯವರು ಬೆಳಗಾವಿಯಲ್ಲಿ 1820ರಲ್ಲಿ ಕೆಲಸ ಶುರು ಮಾಡಿದರು. ಮುಂದೆ ಅದನ್ನು ಮೆಥೊಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರು ವಹಿಸಿಕೊಂಡರು. ಊರಿಗೆಲ್ಲ ಗೊತ್ತಿರುವ ಬೆನನ್ ಸ್ಮಿತ್ ಹೈಸ್ಕೂಲು ಆ ಪರಂಪರೆಯದೇ. ಕ್ಯಾಥೊಲಿಕರಿಗೆ ಬೆಳಗಾವಿ 1953ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶವಾಯಿತು. ಊರಿನ ಕ್ಯಾಂಪ್ ಪ್ರದೇಶದ ಫಾತಿಮಾ ಕ್ಯಾಥೆಡ್ರಲ್ ಅದರ ಮುಖ್ಯ ದೇವಾಲಯ. ಇನ್ನು ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದವರಲ್ಲಿ ಸಿಎಸ್‌ಐನವರೂ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಪಂಗಡದವರು) ಇದ್ದಾರೆ. ಗುಳೇದಗುಡ್ಡದಂಥ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ಸಭೆಗಳು ಈಗ ಸಿಎಸ್‌ಐ ಉತ್ತರ ಕರ್ನಾಟಕದ ಸಭಾಪ್ರಾಂತಕ್ಕೆ ಸೇರಿವೆ. ಅದರ ಬಿಷಪ್ಪರ ಕಚೇರಿ ಧಾರವಾಡದಲ್ಲಿದೆ. ಇವಲ್ಲದೆ ಪೆಂತೆಕೊಸ್ತ್ ಸಭೆಗಳೂ ಇವೆ.

ಭಾಷೆಯನ್ನೂ ವಿಚಾರಿಸಿ. ಗಡಿಯ ಊರಲ್ಲವೇ, ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಎಲ್ಲದರಲ್ಲೂ ಆರಾಧನೆ ನಡೆಯುತ್ತದೆ. ನನ್ನ ಮಟ್ಟಿಗೆ, ಮನೆಗೆ ಹತ್ತಿರದ ಚರ್ಚಿಗಿಂತ ನೀವು ಮನೆಯಲ್ಲಿ ಆಡುವ ಮಾತಿನ ಚರ್ಚೇ ಮೇಲು. ಪ್ರಾರ್ಥನೆ ಮನಸ್ಸಿಗೆ ಇಳಿಯುವುದು ಆ ಮಾತಿನಲ್ಲೇ. ಕ್ಯಾಥೊಲಿಕರಿಗೆ ಮಾತ್ರ ವಿಳಾಸವೇ ಲೆಕ್ಕ. ನಿಮ್ಮ ಬಡಾವಣೆ ಯಾವ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ವ್ಯಾಪ್ತಿಗೆ ಬರುತ್ತದೋ ಸಾಮಾನ್ಯವಾಗಿ ಅಲ್ಲೇ ಹೆಸರು ದಾಖಲಾಗುತ್ತದೆ.

ಕೆಲವು ವಾರ ಸುಮ್ನೆ ಹೋಗಿ ಕೂತ್ಕೊಳ್ಳಿ

ಮೊದಲ ದಿನವೇ ಅರ್ಜಿ ಕೇಳಬೇಡಿ. ಹಾಡು ಕೇಳಿ, ಪ್ರಸಂಗ (ಉಪದೇಶ) ಕೇಳಿ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಬಾಗಿಲ ಹತ್ತಿರ ಯಾರಾದರೂ ಹಿರಿಯರು "ಯಾವೂರ್ರೀ ನಿಮ್ಮದು? ಹೊಸದಾಗಿ ಬಂದೀರೇನು?" ಅಂತ ಕೇಳಿಯೇ ಕೇಳುತ್ತಾರೆ. ಸಭೆ ಎಂಥದ್ದು ಅಂತ ಅರ್ಥವಾಗುವುದು ಆ ಮಾತುಕತೆಯಲ್ಲಿ. ಹಳ್ಳಿಯ ಚರ್ಚುಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಹೆಂಗಸರು ಬೇರೆ ಬೇರೆ ಕಡೆ ಜಮಖಾನೆ ಮೇಲೆ ಕೂರುವ ರೂಢಿ ಉಂಟು. ಉಳಿದವರು ಹೇಗೆ ಮಾಡುತ್ತಾರೋ ನೋಡಿ ಹಾಗೇ ಮಾಡಿದರಾಯಿತು.

ಕರ್ತನ ಭೋಜನದ ದಿನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ ಮಾತ್ರ ಎಚ್ಚರ. ನಿಮಗೆ ದೀಕ್ಷಾಸ್ನಾನ (ಕ್ರೈಸ್ತರಾಗುವ ನೀರಿನ ವಿಧಿ), ದೃಢೀಕರಣ (ಆ ವಿಶ್ವಾಸವನ್ನು ಗಟ್ಟಿ ಮಾಡುವ ವಿಧಿ) ಆಗಿದ್ದರೂ ಹೊಸ ಸಭೆಯಲ್ಲಿ ಮೊದಲ ಸಲ ಕೈ ಒಡ್ಡುವ ಮುಂಚೆ ಸಭಾಪಾಲಕರಿಗೆ, ಅಂದರೆ ಸಭೆ ನೋಡಿಕೊಳ್ಳುವ ಪಾದ್ರಿಗಳಿಗೆ, ಒಂದು ಮಾತು ಹೇಳಿ. ಕ್ಯಾಥೊಲಿಕರ ಆರಾಧನೆಯಾದ ಬಲಿಪೂಜೆಯಲ್ಲಿ ಹಂಚುವ ಪರಮಪ್ರಸಾದ ಸಾಮಾನ್ಯವಾಗಿ ಕ್ಯಾಥೊಲಿಕರಿಗೆ ಮಾತ್ರ. ಉಳಿದವರು ಕೂತಲ್ಲೇ ಪ್ರಾರ್ಥಿಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಬೇರೆ ಊರಿಂದ ಬಂದ ಕ್ರೈಸ್ತರಿಗೆ

ನಿಮ್ಮ ಕೆಲಸ ಸುಲಭ, ಆದರೆ ಜನ ಇದನ್ನೇ ವರ್ಷಗಟ್ಟಲೆ ಮುಂದೂಡುತ್ತಾರೆ. ಹಳೆಯ ಸಭೆಯ ಸಭಾಪಾಲಕರಿಂದ ವರ್ಗಾವಣೆ ಪತ್ರ ತರಬೇಕು. ಚರ್ಚಿನ ಲೆಟರ್‌ಹೆಡ್ ಮೇಲೆ ಕುಟುಂಬದ ಪ್ರತಿಯೊಬ್ಬರ ಹೆಸರು, ದೀಕ್ಷಾಸ್ನಾನದ ದಿನ, ದೃಢೀಕರಣ ಆಗಿದೆಯೋ ಇಲ್ಲವೋ, ಚಂದಾ ಎಲ್ಲಿಯವರೆಗೆ ಕಟ್ಟಿದೆ, ಇಷ್ಟೂ ಬರೆಸಿಕೊಳ್ಳಿ. ಕೆಳಗೆ ಸಹಿ, ಸೀಲು. ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯಾ ಅಂತ ಅಲ್ಲೇ ನಿಂತು ಓದಿ. ಹಳೆಯ ರಿಜಿಸ್ಟರಿನಲ್ಲಿ ಅಜ್ಜನ ಹೆಸರೋ ಮನೆಯವರು ಕರೆಯುವ ಹೆಸರೋ ಇರುತ್ತದೆ, ಶಾಲೆಯಲ್ಲಿ ಇನ್ನೊಂದು. ಮದುವೆ ಹೊತ್ತಿಗೆ ಇದೇ ತಲೆನೋವಾಗುತ್ತದೆ.

ದೀಕ್ಷಾಸ್ನಾನದ ಪ್ರಮಾಣಪತ್ರ ಕಳೆದಿದ್ದರೆ ಗಾಬರಿ ಬೇಡ. ದೀಕ್ಷಾಸ್ನಾನ ಆದ ಚರ್ಚಿನಲ್ಲೇ ಮೂಲ ದಾಖಲೆ ಇರುತ್ತದೆ. ಅಂದಾಜು ವರ್ಷ, ತಂದೆ ತಾಯಿ ಹೆಸರು ಹೇಳಿದರೆ ಹುಡುಕಿ ನಕಲು ಕೊಡುತ್ತಾರೆ.

ಒಂದು ಪಂಗಡದಿಂದ ಇನ್ನೊಂದಕ್ಕೆ ಹೋಗುವವರು ಇದನ್ನು ತಿಳಿದಿರಿ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಟ್ಟ ದೀಕ್ಷಾಸ್ನಾನವನ್ನು ಸಿಎಸ್‌ಐ, ಮೆಥೊಡಿಸ್ಟ್, ಕ್ಯಾಥೊಲಿಕ್ ಸಭೆಗಳು ಮತ್ತೊಮ್ಮೆ ಕೊಡುವುದಿಲ್ಲ. ಪೆಂತೆಕೊಸ್ತ್ ಸಭೆಗಳು ಬುದ್ಧಿ ಬಂದ ಮೇಲೆ ಮುಳುಗಿ ತೆಗೆದುಕೊಂಡ ದೀಕ್ಷಾಸ್ನಾನವನ್ನೇ ಒಪ್ಪುತ್ತವೆ. ಹಾಗಾಗಿ ಶಿಶುವಾಗಿದ್ದಾಗ ದೀಕ್ಷಾಸ್ನಾನ ಆದವರಿಗೆ ಅಲ್ಲಿ ಮತ್ತೆ ಮುಳುಗಲು ಹೇಳುತ್ತಾರೆ. ಮನೆಯವರ ಜೊತೆ ಕೂತು ಮಾತಾಡದೆ ಇದಕ್ಕೆ ಹೂಂ ಅನ್ನಬೇಡಿ.

ಹೊಸದಾಗಿ ವಿಶ್ವಾಸಕ್ಕೆ ಬರುವವರಿಗೆ

ಇಲ್ಲಿ ಅವಸರ ಮಾಡಲೇಬಾರದು. ನಿಮ್ಮನ್ನು ಅವಸರಪಡಿಸುವ ಸಭೆ ಇದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸಭಾಪಾಲಕರನ್ನು ಕಂಡು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿ. ಆಮೇಲೆ ಪಾಠ ಶುರುವಾಗುತ್ತದೆ: ಸುವಾರ್ತೆಗಳು, ಹತ್ತು ಆಜ್ಞೆಗಳು, ಕರ್ತನ ಪ್ರಾರ್ಥನೆ, ಅಪೊಸ್ತಲರ ವಿಶ್ವಾಸ ಪ್ರಮಾಣ. ಬಾಯಿಪಾಠ ಮಾಡಿ ಮುಗಿಸುವುದಲ್ಲ, ಅನುಮಾನ ಇದ್ದದ್ದನ್ನೆಲ್ಲ ಕೇಳಿ. ಕೇಳಿದ್ದಕ್ಕೆ ಬೇಸರಪಡದ ಸಭಾಪಾಲಕರು ಸಿಕ್ಕರೆ ನಿಮ್ಮ ಪುಣ್ಯ.

ಸಿಎಸ್‌ಐನಲ್ಲಿ ದೀಕ್ಷಾಸ್ನಾನದ ನಂತರ ಬಿಷಪ್ಪರು ತಲೆ ಮೇಲೆ ಕೈಯಿಟ್ಟು ದೃಢೀಕರಣ ಮಾಡುತ್ತಾರೆ. ಅವರು ಬರುವ ದಿನಕ್ಕಾಗಿ ಕಾಯಬೇಕಾಗಬಹುದು. ಮೆಥೊಡಿಸ್ಟರಲ್ಲಿ ಸಭಾಪಾಲಕರೇ ಸಭೆಯ ಮುಂದೆ ನಿಮ್ಮಿಂದ ಪ್ರತಿಜ್ಞೆ ಹೇಳಿಸಿ ಪೂರ್ಣ ಸದಸ್ಯರನ್ನಾಗಿ ಸ್ವೀಕರಿಸುತ್ತಾರೆ. ಕ್ಯಾಥೊಲಿಕರಲ್ಲಿ ತಯಾರಿ ಹಂತಹಂತವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ದೊಡ್ಡವರಿಗೆ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ ಕೊಡುತ್ತಾರೆ. ಆ ರಾತ್ರಿ ದೇವಾಲಯದ ದೀಪ ಆರಿಸಿ, ಒಂದೇ ದೊಡ್ಡ ಮೇಣದಬತ್ತಿಯಿಂದ ಎಲ್ಲರ ಕೈಯ ಬತ್ತಿಗೂ ಬೆಳಕು ಹಚ್ಚುತ್ತ ಬರುತ್ತಾರೆ. ಸೇರುವ ಯೋಚನೆ ಇರುವವರು ಹಿಂದಿನ ವರ್ಷವೇ ಒಮ್ಮೆ ಹೋಗಿ ನೋಡಬೇಕು.

ಕಾನೂನಿನ ಮಾತು

ಇಷ್ಟವಾದ ಧರ್ಮ ಪಾಲಿಸುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಆದರೂ ಧರ್ಮ ಬದಲಿಸುವವರು ಕಾಗದಪತ್ರ ಸರಿಯಾಗಿ ಇಟ್ಟುಕೊಳ್ಳಬೇಕು. ಬದಲಾಗುವ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕು ಎಂದು ಕರ್ನಾಟಕದ 2022ರ ಕಾಯ್ದೆ ಹೇಳಿತು. ದೀಕ್ಷಾಸ್ನಾನ ಕೊಡುವವರೂ ಬೇರೆಯಾಗಿ ತಿಳಿಸಬೇಕು ಎಂದೂ ಅದರಲ್ಲಿತ್ತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವೊಂದರಿಂದಲೇ ಕಾಯ್ದೆ ರದ್ದಾಗುವುದಿಲ್ಲ. ಆದ್ದರಿಂದ ದೀಕ್ಷಾಸ್ನಾನದ ದಿನ ಗೊತ್ತು ಮಾಡುವ ಮೊದಲು ಒಬ್ಬ ವಕೀಲರನ್ನು ಕಂಡು ಇವತ್ತಿನ ನಿಯಮ ಕೇಳಿ.

ಪರಿಶಿಷ್ಟ ಜಾತಿಯವರು ಇನ್ನೊಂದು ವಿಷಯವನ್ನೂ ತಿಳಿದೇ ಹೆಜ್ಜೆ ಇಡಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಓದು, ನೌಕರಿಯ ಮೀಸಲಾತಿಗೆ ಇದರಿಂದ ಪೆಟ್ಟು ಬೀಳುತ್ತದೆ. ಈ ಮಾತನ್ನು ಮೊದಲೇ ಬಿಚ್ಚಿ ಹೇಳುವುದು ಸಭೆಯ ಹಿರಿಯರ ಹೊಣೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೆಸರು ಬಂದ ಮೇಲೆ

ಸೇರುವ ರವಿವಾರ ನಿಮ್ಮನ್ನು ಮುಂದೆ ಕರೆದು ಸಭೆಗೆ ಪರಿಚಯ ಮಾಡಿಸುತ್ತಾರೆ. ಅದೇ ದಿನ ರಿಜಿಸ್ಟರಿನಲ್ಲಿ ನಿಮ್ಮ ಸಾಲು ಬರೆದದ್ದನ್ನು ಕಣ್ಣಾರೆ ನೋಡಿ. ಸಿಎಸ್‌ಐ ಸಭೆಗಳಲ್ಲಿ ಕಮಿಟಿ ಚುನಾವಣೆಗೆ ಮತ ಹಾಕಲು ಚಂದಾ ಬಾಕಿ ಇರಬಾರದು, ರಸೀದಿ ಜೋಪಾನವಾಗಿಡಿ. ಕೈ ಬಿಗಿಯಾದ ವರ್ಷ ಸಂಕೋಚಪಟ್ಟು ಚರ್ಚು ಬಿಡಬೇಡಿ, ಸಭಾಪಾಲಕರಿಗೆ ತಿಳಿಸಿ. ಸುಗ್ಗಿ ಹಬ್ಬದಲ್ಲಿ ಜೋಳ, ಕುಂಬಳಕಾಯಿ, ಕೋಳಿ ಏನಿದ್ದರೂ ತಂದು ಅರ್ಪಿಸಬಹುದು. ಅದನ್ನು ಅಂಗಳದಲ್ಲಿ ಹರಾಜು ಹಾಕಿ ಬಂದ ಹಣ ಸಭೆಗೇ ಸೇರುತ್ತದೆ. ಇನ್ನು ಮನೆಯಲ್ಲಿ ಮಗು ಹುಟ್ಟಿದರೆ, ಸೊಸೆ ಬಂದರೆ, ವಿಳಾಸ ಬದಲಾದರೆ ಆ ತಿಂಗಳೇ ಸಭಾಪಾಲಕರಿಗೆ ಹೇಳಿ ಬರೆಸಿಬಿಡಿ.