ಪಿಎ ಮಾಫಿ ಸಾಕ್ಷಿಯಾದ ಕೇಸು: ಹಾಸನದಲ್ಲಿ ನನ್ನ ಅನುಭವ

ಹಾಸನದ ವಕೀಲರಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು. ಲೋಕಾಯುಕ್ತ ಕೇಸಿನಲ್ಲಿ ಪಿಎ ಸಿಕ್ಕಿಬಿದ್ದರೆ ಪಿಎ ಮುಳುಗುತ್ತಾನೆ, ಸಾಹೇಬರು ದಡ ಸೇರುತ್ತಾರೆ. ಮಾಫಿ ಸಾಕ್ಷಿ, ಅಂದರೆ ಕ್ಷಮೆ ಪಡೆದು ಉಳಿದ ಆರೋಪಿಗಳ ವಿರುದ್ಧ ಸಾಕ್ಷಿ ಹೇಳುವ ಆರೋಪಿ, ಅನ್ನೋದೆಲ್ಲ ದೆಹಲಿ, ಮುಂಬೈನ ಸಿಬಿಐ ಕೇಸಿಗೆ, ನಮ್ಮ ಜಿಲ್ಲಾ ಕೋರ್ಟಿಗಲ್ಲ ಅಂತ ಹಿರಿಯರೇ ಹೇಳುತ್ತಿದ್ದರು. "ಏನಪ್ಪಾ, ಅವನನ್ನೂ ಮುಳುಗಿಸಿ ನೀನೂ ಮುಳುಗ್ತೀಯಾ" ಅಂತ ಒಬ್ಬರು ಕ್ಯಾಂಟೀನಿನಲ್ಲೇ ಅಂದರು. ಈಗ ಕ್ಷಮೆ ಸಿಕ್ಕಿದೆ, ನನ್ನ ಕಕ್ಷಿದಾರ ಪಾಟೀ ಸವಾಲಿನಲ್ಲಿ ನಿಂತಿದ್ದಾನೆ, ಸಾಹೇಬರಿಗೆ ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯೂ ಆಗಿದೆ. ಮೇಲ್ಮನವಿ ನಡೆಯುತ್ತಿರುವುದರಿಂದ ಊರು, ಪಕ್ಷ, ಇಲಾಖೆ ಹೇಳೋದಿಲ್ಲ. ಕಕ್ಷಿದಾರನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.

ಅವನು ಪ್ರಥಮ ದರ್ಜೆ ಸಹಾಯಕ. ನಿಯೋಜನೆ ಮೇಲೆ ಒಬ್ಬ ಜನಪ್ರತಿನಿಧಿಯ ಆಪ್ತ ಸಹಾಯಕನಾಗಿದ್ದ. ಗುತ್ತಿಗೆದಾರನ ಬಿಲ್ಲಿಗೆ ಕಮಿಷನ್ ತೆಗೆದುಕೊಳ್ಳುವಾಗ ಟ್ರ್ಯಾಪ್ ಆಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿ, ಕೇಸುಗಳು ಲೋಕಾಯುಕ್ತ ಪೊಲೀಸರಿಗೆ ವಾಪಸ್ ಹೋದವಲ್ಲ, ಅದರ ನಂತರದ ಕೇಸು. ಕೈ ತೊಳೆಸಿದರು, ನೋಟಿಗೆ ಹಚ್ಚಿದ್ದ ಪುಡಿ ಕೈಗೆ ಅಂಟಿದ್ದರಿಂದ ಸೋಡಾ ನೀರು ಗುಲಾಬಿಯಾಯಿತು, ಪಂಚನಾಮೆ ಅಚ್ಚುಕಟ್ಟು. ಮೊದಲಾದರೆ ದೂರುದಾರ ಉಲ್ಟಾ ಹೊಡೆಯಲಿ ಅಂತ ಕಾಯಬಹುದಿತ್ತು. 2022ರ ಡಿಸೆಂಬರಿನ ನೀರಜ್ ದತ್ತಾ ತೀರ್ಪಿನ ಮೇಲೆ ಆ ಆಸೆಯೂ ಕಡಿಮೆ. ದೂರುದಾರ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಲಂಚದ ಬೇಡಿಕೆ ಸಾಬೀತು ಮಾಡಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ.

ಕಿರಿಯರು ಮೊದಲು ಕೇಳೋದು ಪ್ಲೀ ಬಾರ್ಗೇನಿಂಗ್ (ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯೋದು) ಯಾಕೆ ಮಾಡಲಿಲ್ಲ ಅಂತ. ಶಿಕ್ಷೆ 7 ವರ್ಷ ಮೀರದ ಕೇಸಿಗೆ ಮಾತ್ರ ಆ ದಾರಿ. ಭ್ರಷ್ಟಾಚಾರ ತಡೆ ಕಾಯ್ದೆಯ ಬರೀ 7ನೇ ಕಲಂ ಇದ್ದಿದ್ದರೆ ಗರಿಷ್ಠ 7 ವರ್ಷ, ಅರ್ಜಿ ಹಾಕಿ ನೋಡಬಹುದಿತ್ತು. ದೋಷಾರೋಪ ಪಟ್ಟಿಯಲ್ಲಿ 13ನೇ ಕಲಮೂ ಒಳಸಂಚೂ ಸೇರಿದವು. ಅದಕ್ಕೆ 10 ವರ್ಷದ ತನಕ ಇದೆ. ಅಲ್ಲಿಗೆ ದಾರಿ ಬಂದ್. ದಾರಿ ಇದ್ದಿದ್ದರೂ ನಾನು ಹೋಗುತ್ತಿರಲಿಲ್ಲ. 7ಕ್ಕೆ ಕನಿಷ್ಠ 3 ವರ್ಷ, ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದರ ಅರ್ಧ ಅಂದರೂ ಒಂದೂವರೆ ವರ್ಷ ಜೈಲು. ಜೊತೆಗೆ ಅಪರಾಧಿ ಅನ್ನೋ ತೀರ್ಪು. ಸರ್ಕಾರಿ ನೌಕರನಿಗೆ ಆ ತೀರ್ಪು ಬಂದರೆ ಸಂವಿಧಾನದ 311ನೇ ವಿಧಿಯ ವಿನಾಯಿತಿ ಹಿಡಿದು ವಿಚಾರಣೆಯೇ ಇಲ್ಲದೆ ವಜಾ ಮಾಡಬಹುದು. ಇಷ್ಟೆಲ್ಲ ಆಗಿ ಸಾಹೇಬರ ಹೆಸರು ಎಲ್ಲೂ ಬರೋದಿಲ್ಲ. ಹೇಳಿದ್ದನ್ನು ಮಾಡಿದವನು ಜೈಲಿಗೆ, ಹೇಳಿ ಮಾಡಿಸಿದವನು ಮುಂದಿನ ಚುನಾವಣೆಗೆ. ಇದು ನನಗೆ ಸಹಿಸೋಕಾಗಲ್ಲ, ಈಗಲೂ.

ಉಳಿದದ್ದು ಭ್ರಷ್ಟಾಚಾರ ತಡೆ ಕಾಯ್ದೆಯ 5(2). ವಿಶೇಷ ನ್ಯಾಯಾಧೀಶರು ಕ್ಷಮೆ ಕೊಡಬಹುದು. ಷರತ್ತು ಒಂದೇ, ಗೊತ್ತಿರುವುದನ್ನೆಲ್ಲ ಪೂರ್ತಿಯಾಗಿ, ನಿಜವಾಗಿ ಹೇಳಬೇಕು.

ಇಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಜಾಮೀನು, ಆಮೇಲೆ ಮಾಫಿ ಮಾತು. ಹಳೇ ಸಂಹಿತೆಯ 306(4) ನೋಡಿ, ಆಗಲೇ ಜಾಮೀನಿನ ಮೇಲೆ ಇಲ್ಲದ ಮಾಫಿ ಸಾಕ್ಷಿಯನ್ನು ವಿಚಾರಣೆ ಮುಗಿಯುವ ತನಕ ಒಳಗೇ ಇಡಬೇಕು. 5(2)ರ ಕ್ಷಮೆಗೆ ಇದು ಅನ್ವಯಿಸುತ್ತೋ ಇಲ್ಲವೋ ಅಂತ ವಾದ ಮಾಡಬಹುದು. ಕಕ್ಷಿದಾರನನ್ನು ಜೈಲಲ್ಲಿ ಕೂರಿಸಿಕೊಂಡು ಆ ವಾದ ಯಾಕೆ ಬೇಕು? ಎರಡನೆಯದು, ಪಿಪಿ, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರ, ಒಪ್ಪಿಗೆ ಇಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಕೊಡುವ 164ರ ಹೇಳಿಕೆಗೆ ಕೈ ಹಾಕಬಾರದು. ಪಕ್ಕದ ಜಿಲ್ಲೆಯ ಒಂದು ಕೇಸಿನಲ್ಲಿ ಪಿಎ ಮ್ಯಾಜಿಸ್ಟ್ರೇಟರ ಮುಂದೆ ಎಲ್ಲ ಒಪ್ಪಿಕೊಂಡ. ಆಮೇಲೆ ಕ್ಷಮೆ ಅರ್ಜಿ ವಜಾ ಆಯಿತು. ಹೇಳಿಕೆ ಮಾತ್ರ ಅವನ ಕುತ್ತಿಗೆಗೇ ಸುತ್ತಿಕೊಂಡಿತು.

ನನ್ನ ಮೊದಲ ಅರ್ಜಿಯೂ ವಜಾ ಆಯಿತು. "ದುಡ್ಡು ಸಿಕ್ಕಿದ್ದೇ ಪಿಎ ಕೈಯಲ್ಲಿ. ಇವನನ್ನು ಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತೆ ಸರ್?" ಅಂದರು ಪಿಪಿ. ಆರೋಪಿಯೇ ಅರ್ಜಿ ಹಾಕಬಹುದು ನಿಜ. ಆದರೆ ಪ್ರಾಸಿಕ್ಯೂಷನ್ ಬೇಡ ಅಂದರೆ ಕೋರ್ಟು ಕೊಡೋದು ಕಷ್ಟ, ಸುಪ್ರೀಂ ಕೋರ್ಟಿನ ಪಾಸ್ಕಲ್ ಫರ್ನಾಂಡಿಸ್ ತೀರ್ಪು ಓದಿದವರಿಗೆ ಗೊತ್ತು. ಆಗಲೇ ತೀರ್ಮಾನ ಮಾಡಿದೆ, ಬರೀ ಬಾಯಿಮಾತು ತೆಗೆದುಕೊಂಡು ಹೋಗಬಾರದು. ಪಿಪಿಗೆ ಬೇಕಾದ ಬೆಂಬಲ ಸಾಕ್ಷ್ಯದ ದಾರಿಯನ್ನು ನಾನೇ ತೋರಿಸಬೇಕು. 1957ರ ಸರ್ವಣ್ ಸಿಂಗ್ ತೀರ್ಪಿನಿಂದ ಇವತ್ತಿನ ತನಕ ಮಾಫಿ ಸಾಕ್ಷಿಗೆ ಎರಡು ಪರೀಕ್ಷೆ. ಆಳು ನಂಬುವಂಥವನಾಗಿರಬೇಕು, ಮಾತಿಗೆ ಹೊರಗಿನಿಂದ ಆಧಾರ ಇರಬೇಕು.

ಆಧಾರ ಸಿಕ್ಕಿದ್ದು ಶಾಂತಿಗ್ರಾಮದ ಟೋಲಿನಲ್ಲಿ. ದುಡ್ಡು ತೆಗೆದುಕೊಂಡು ಬೆಂಗಳೂರಿಗೆ ಹೋಗುತ್ತಿದ್ದ ದಿನಗಳನ್ನು ಕಕ್ಷಿದಾರ ನೆನಪಿನಿಂದ ಹೇಳಿದ. ಹಬ್ಬ, ಸಂತೆ, ಮಗಳ ಪರೀಕ್ಷೆ ಹಿಡಿದು ತಾರೀಖು ಕೂರಿಸಿದೆವು. ಕಾರು ಸಾಹೇಬರ ಸಂಬಂಧಿಕರ ಹೆಸರಲ್ಲಿತ್ತು. ಅದರ ಫಾಸ್ಟ್ಯಾಗ್ ದಾಖಲೆ ತರಿಸಿ ಅಂತ ತನಿಖಾಧಿಕಾರಿಗೆ ಬರೆದುಕೊಟ್ಟೆ. ಬಂದ ಪಟ್ಟಿಯಲ್ಲಿ ನಾವು ಹೇಳಿದ ಹತ್ತು ಹನ್ನೆರಡು ದಿನದಲ್ಲಿ ಎಂಟೊಂಬತ್ತು ಕೂತವು. ಬಿಲ್ ಪಾಸಾದ ಎರಡು ಮೂರು ದಿನಕ್ಕೆ ಕಾರು ಟೋಲ್ ದಾಟಿದೆ, ರಾತ್ರಿ ವಾಪಸ್ ಬಂದಿದೆ. ಅದನ್ನು ನೋಡಿದ ಮೇಲೆ ಪಿಪಿ ಕುರ್ಚಿ ಎಳೆದುಕೊಂಡು ಕೂತು ಮಾತಾಡಿದರು. ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡಲು ಬೇಕಾದ 65ಬಿ ಪ್ರಮಾಣಪತ್ರ (ಹೊಸ ಸಾಕ್ಷ್ಯ ಕಾಯ್ದೆಯಲ್ಲಿ 63(4)) ಸರಿಯಾಗಿ ಬರೆಸಿಕೊಳ್ಳಿ, ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿನವರು ಸಹಿ, ಸೀಲು ಬಿಟ್ಟು ಕಳಿಸುತ್ತಾರೆ.

ಅದೇ ಪಟ್ಟಿಯಲ್ಲಿ ಒಂದು ಮುಳ್ಳೂ ಇತ್ತು. ಅಂಥ ಕೆಲವು ದಿನಗಳಿಗೆ ಕಕ್ಷಿದಾರ ಬಸ್ಸಿನಲ್ಲಿ ಹೋದೆ ಅಂತ ಟಿಎ (ಪ್ರಯಾಣ ಭತ್ಯೆ) ಬಿಲ್ ಹಾಕಿ ದುಡ್ಡು ತೆಗೆದಿದ್ದ. ಎಲ್ಲ ಸೇರಿ ನಾಲ್ಕೈದು ಸಾವಿರ ಇರಬೇಕು. "ಇದನ್ನು ಬಿಟ್ಟುಬಿಡೋಣ ಸರ್, ಸಣ್ಣದು" ಅಂದ. ಆಗ ನಾನು ಅವನಿಗೆ ನ್ಯೂಯಾರ್ಕಿನ ಟಾಡ್ ಹೌ ಕಥೆ ಹೇಳಿದೆ. ಆಗಿನ ಗವರ್ನರ್ ಕ್ಯೂಮೋ ಅವರ ಆಪ್ತ ಜೋಸೆಫ್ ಪರ್ಕೊಕೊ ಮೇಲಿನ ಲಂಚದ ಕೇಸಿನಲ್ಲಿ ಮುಖ್ಯ ಸಾಕ್ಷಿ ಈ ಹೌ. 2016ರಲ್ಲಿ ತಪ್ಪೊಪ್ಪಿಕೊಂಡು ಸರ್ಕಾರಕ್ಕೆ ಸಹಕರಿಸುವ ಒಪ್ಪಂದ ಮಾಡಿಕೊಂಡಿದ್ದ. 2018ರ ಫೆಬ್ರುವರಿಯಲ್ಲಿ ಪಾಟೀ ಸವಾಲಿನಲ್ಲಿ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲ್ ಬಿಲ್ಲಿನ ವಿಷಯ ಎತ್ತಿದರು. ತಂಗಿದ್ದ ಹೋಟೆಲಿನ ದುಡ್ಡು ತಪ್ಪಿಸಿಕೊಳ್ಳಲು ಕ್ರೆಡಿಟ್ ಕಾರ್ಡ್ ಕಂಪನಿಗೆ ಸುಳ್ಳು ಹೇಳಿದ್ದ, ಅದೂ ಒಪ್ಪಂದ ಆದ ಮೇಲೆ. ಅವತ್ತೇ ಬಂಧಿಸಿದರು. ಪರ್ಕೊಕೊಗೆ ಶಿಕ್ಷೆ ಆಯಿತು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಾನೂನಿನ ಬೇರೆ ಕಾರಣಕ್ಕೆ ಅದನ್ನು ರದ್ದು ಮಾಡಿತು, ಅದಿರಲಿ. ಒಂದು ಹೋಟೆಲ್ ಬಿಲ್ಲು ಸಾಕ್ಷಿಯನ್ನು ಜೈಲಿಗೆ ಕಳಿಸಿತು ಅನ್ನೋದಷ್ಟೇ ನನಗೆ ಬೇಕಿತ್ತು. ಮಾರನೇ ದಿನ ಟಿಎ ಬಿಲ್ಲುಗಳ ಪಟ್ಟಿ ಅವನೇ ಬರೆದು ತಂದ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಸಾಹೇಬರ ಆದಾಯದ ಲೆಕ್ಕದಲ್ಲಿ ಶುಂಠಿ ಬೆಳೆದ ದುಡ್ಡು ಜಾಸ್ತಿ. ಒಂದೇ ಸರ್ವೆ ನಂಬರಿನಲ್ಲಿ ಸತತ ಮೂರು ವರ್ಷ ಶುಂಠಿ! ಒಮ್ಮೆ ಶುಂಠಿ ಹಾಕಿದ ನೆಲಕ್ಕೆ ಮಾರನೇ ವರ್ಷ ಹಾಕಿದರೆ ಕೊಳೆ ರೋಗ ಬಿಡೋದಿಲ್ಲ, ಅದಕ್ಕೇ ನಮ್ಮ ಕಡೆಯವರು ಹೊಸ ಜಮೀನು ಗುತ್ತಿಗೆಗೆ ಹುಡುಕಿಕೊಂಡು ಹೋಗೋದು. ಪಹಣಿ ತೆಗೆಸಿದರೆ ಬೆಳೆ ಕಾಲಂನಲ್ಲಿ ಬೇರೇನೋ ಇದೆ. ಆಲೂರಿನ ಒಬ್ಬ ವ್ಯಾಪಾರಿ ಹತ್ತಿರ ಕೂತು 60 ಕೆಜಿ ಮೂಟೆ ಲೆಕ್ಕದಲ್ಲಿ ಅಷ್ಟು ದುಡ್ಡಿಗೆ ಎಷ್ಟು ಎಕರೆ ಬೇಕು ಅಂತ ಗುಣಿಸಿದೆ. ಇದ್ದ ಜಮೀನಿನ ಮೂರು ನಾಲ್ಕು ಪಟ್ಟು ಬೇಕಿತ್ತು. ಇಡೀ ಕಾಗದ ಪಿಪಿಗೆ ಕೊಟ್ಟೆ. ನನ್ನ ಅರ್ಜಿಗೆ ಅದು ಬೇಕಾಗಲಿಲ್ಲ, ಅವರ ಕೇಸಿಗೆ ಬಂತು.

ಎರಡನೇ ಅರ್ಜಿಗೆ ಪಿಪಿ ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟರು. ಕಕ್ಷಿದಾರ ಏನು ಹೇಳುತ್ತಾನೆ ಅನ್ನೋದನ್ನು, ಅವನಿಗೆ ಅಪಾಯ ಆಗದ ಹಾಗೆ, ಅದಕ್ಕೆ ಮುಂಚೆ ಪಿಪಿಗೆ ಹೇಗೆ ಗೊತ್ತು ಮಾಡಿದೆ? ಅದು ನನ್ನ ಹತ್ತಿರವೇ ಇರಲಿ. ನನ್ನ ಆಫೀಸಿಗೆ ಬಂದ ಕಿರಿಯರಿಗೆ ಮಾತ್ರ ಹೇಳಿದ್ದೇನೆ. ಸಾಹೇಬರ ಕಡೆಯವರು ಹೈಕೋರ್ಟಿಗೆ ಹೋದರು, ಅರ್ಜಿ ನಿಲ್ಲಲಿಲ್ಲ. ಮನೆ ಹತ್ತಿರ ಬೈಕುಗಳು ಸುತ್ತಲು ಶುರುವಾದಾಗ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅದನ್ನು ನೋಡುತ್ತದೆ. ನಮ್ಮಲ್ಲಿ ಇದನ್ನು ಬಳಸುವವರೇ ಕಡಿಮೆ.

ಪಾಟೀ ಸವಾಲಿಗೆ ಬೆಂಗಳೂರಿನಿಂದ ದೊಡ್ಡ ವಕೀಲರು ಬಂದರು. "ನೀನು ಎಷ್ಟು ತಿಂದೆ?" ಅಂತಲೇ ಶುರು ಮಾಡಿದರು. "ನೂರಕ್ಕೆ ಅರ್ಧ ರೂಪಾಯಿ ಸ್ವಾಮಿ. ಅದರಲ್ಲಿ ಸೈಟಿಗೆ ಮುಂಗಡ ಕೊಟ್ಟೆ. ಮುಖ್ಯ ವಿಚಾರಣೆಯಲ್ಲೇ ಹೇಳಿದ್ದೇನೆ." ಸೈಟಿನ ಕಾಗದ ಅವರ ಕೈಯಲ್ಲೇ ಇತ್ತು, ಮಡಚಿ ಕೆಳಗಿಟ್ಟರು. ಟಿಎ ಬಿಲ್ ತೆಗೆದರು, ಅದಕ್ಕೂ ಅದೇ ಉತ್ತರ. ತೀರ್ಪಿನಲ್ಲಿ ನ್ಯಾಯಾಧೀಶರು, ತನಗೆ ಕೆಟ್ಟದಾಗುವುದನ್ನೂ ಮುಚ್ಚಿಡದ ಸಾಕ್ಷಿ ಅಂತ ಬರೆದಿದ್ದಾರೆ. ಆ ಪುಟದ ನಕಲು ನನ್ನ ಮೇಜಿನ ಗಾಜಿನ ಕೆಳಗಿದೆ.

ದುಡ್ಡಿನ ವಿಷಯ. ಮಾತಾಗಿದ್ದು ಸುಮಾರು ಮೂರು ಲಕ್ಷ, ಕೈಗೆ ಬಂದದ್ದು ಒಂದೂಮುಕ್ಕಾಲು ಇರಬಹುದು. ಅವನು ಅಮಾನತ್ತಿನಲ್ಲಿ ಅರ್ಧ ಸಂಬಳದಲ್ಲಿದ್ದ, ಹೆಂಡತಿ ಒಡವೆ ಅಡ ಇಟ್ಟಿದ್ದರು, ಒತ್ತಾಯ ಮಾಡಲಿಲ್ಲ. ನಕಲು, ಟೈಪಿಂಗ್, ಬೆಂಗಳೂರು ಓಡಾಟಕ್ಕೆ ನನ್ನದೇ ಐವತ್ತು ಅರವತ್ತು ಸಾವಿರ ಹೋಯಿತು. ಇಬ್ಬರು ಗುತ್ತಿಗೆದಾರರು ಫೈಲು ವಾಪಸ್ ತೆಗೆದುಕೊಂಡು ಹೋದರು, ವರ್ಷಕ್ಕೆ ನಾಲ್ಕು ಲಕ್ಷದ ಕೆಲಸ. ಆ ಕಡೆಯಿಂದ ಕಕ್ಷಿದಾರನಿಗೆ ಮಗಳ ಕಾಲೇಜು ಸೀಟಿನ ಆಸೆ ತೋರಿಸಿದ್ದರು. ಅವನು ಬಗ್ಗಲಿಲ್ಲ. ಅವನ ಹೆಂಡತಿಯೂ ಬಗ್ಗಲಿಲ್ಲ, ಇದನ್ನು ಹೇಳಲೇಬೇಕು.

ಕ್ಷಮೆ ಸಿಕ್ಕಿದರೂ ಇಲಾಖಾ ವಿಚಾರಣೆ ನಿಲ್ಲೋದಿಲ್ಲ. ಕಕ್ಷಿದಾರನಿಗೆ ಮೊದಲೇ ಹೇಳಿ ಸಹಿ ತೆಗೆದುಕೊಳ್ಳಿ. ನಮ್ಮದು ಇನ್ನೂ ನಡೀತಿದೆ. ದೋಷಾರೋಪ ಪಟ್ಟಿ 2024ರ ಜುಲೈಗೆ ಮುಂಚಿನದಾದ್ದರಿಂದ ಹಳೇ ಸಂಹಿತೆಯಲ್ಲೇ ಮುಗಿಯಿತು. ಹೊಸ ಕೇಸುಗಳಿಗೆ 306, 307, 308ರ ಜಾಗದಲ್ಲಿ ಹೊಸ ಸಂಹಿತೆಯಾದ ಬಿಎನ್‌ಎಸ್‌ಎಸ್‌ನ 343, 344, 345 ನೋಡಿ. ಚಿಕ್ಕಮಗಳೂರಿನಲ್ಲಿ ಅಂಥ ಇನ್ನೊಂದು ಕೇಸು ಹಿಡಿದಿದ್ದೇನೆ. ಜಾಮೀನು ಆಗಿದೆ, ಪಿಪಿ ಹತ್ತಿರ ಒಂದು ಸುತ್ತು ಮಾತಾಗಿದೆ. ಈ ಪಿಎ ಓಡಾಡಿದ ಘಾಟಿ ದಾರಿಯಲ್ಲಿ ಟೋಲ್ ಇಲ್ಲ. ಹಾಗಾಗಿ ಹೋಂಸ್ಟೇ ರಿಜಿಸ್ಟರುಗಳನ್ನು ತರಿಸಿ ಅಂತ ತನಿಖಾಧಿಕಾರಿಗೆ ಬರೆದುಕೊಟ್ಟಿದ್ದೇನೆ.